ಬಸಿರಿನಲ್ಲಿ ರಕ್ತ ತೆಳು ಯಾಕೆ, ದಪ್ಪ ಯಾವಾಗ? ರಿಪೋರ್ಟ್ ಕೈಲಿ ಹಿಡಿದು ನೋಡೋಣ

ಮುಂಬೈ ಹತ್ತಿರದ ಡೊಂಬಿವಿಲಿಯ ಲ್ಯಾಬ್ ಒಂದರ ಕೌಂಟರಿನಲ್ಲಿ ಕೂತು ರಿಪೋರ್ಟ್ ಕೊಡುವುದು ನನ್ನ ಕೆಲಸ. ನಾನು ಕನ್ನಡದವಳು ಅಂತ ಗೊತ್ತಾದ ಕೂಡಲೇ ಗರ್ಭಿಣಿಯರು, ಅವರ ಜೊತೆ ಬಂದ ಅತ್ತೆ, ಅಮ್ಮ ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. "ಹಿಮೋಗ್ಲೋಬಿನ್ 10.4 ಅಂತೆ, ರಕ್ತ ತೆಳು ಆಗಿದೆಯಂತೆ. ಅದೇ ಡಾಕ್ಟರು ರಕ್ತ ದಪ್ಪ ಆಗಬಾರದು ಅಂತ ಆಸ್ಪಿರಿನ್ ಬರೆದಿದ್ದಾರೆ. ಯಾವುದು ನಿಜ? ಮಗುವಿಗೆ ಆಕ್ಸಿಜನ್ ಹೋಗ್ತಿದೆ ತಾನೇ?"

ಎರಡೂ ನಿಜ. ಬಸಿರಿನಲ್ಲಿ ರಕ್ತದ ನೀರಿನಂಶ ಜಾಸ್ತಿಯಾಗಿ ಅದು ತೆಳುವಾಗುತ್ತದೆ. ಅದೇ ಹೊತ್ತಿಗೆ ಹೆಪ್ಪುಗಟ್ಟುವ ಗುಣವೂ ಜಾಸ್ತಿಯಾಗುತ್ತದೆ, ಆಸ್ಪಿರಿನ್ ಮಾತಿನಲ್ಲಿ ಬರುವ "ದಪ್ಪ" ಈ ಗುಣದ್ದು. ಇವು ಎರಡು ಬೇರೆ ಲೆಕ್ಕ. ಒಂದಕ್ಕೆ ಕೊಡುವ ಔಷಧಿ ಇನ್ನೊಂದಕ್ಕೆ ಆಗುವುದಿಲ್ಲ. ಇದು ತಲೆಯಲ್ಲಿ ಕೂತರೆ ಮುಂದಿನದು ಸುಲಭ.

ನಾನು ಡಾಕ್ಟರಲ್ಲ. ಔಷಧಿ ಶುರು ಮಾಡುವುದು, ನಿಲ್ಲಿಸುವುದು ನಿಮ್ಮ ಡಾಕ್ಟರ ಕೆಲಸ. ಅವರ ಮುಂದೆ ಕೂತಾಗ ಏನು ಕೇಳಬೇಕು, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಅನ್ನುವುದಕ್ಕೆ ಈ ಲೇಖನ.

ಮೊದಲು ಒಳಗೆ ಏನು ನಡೆಯುತ್ತದೆ ಅಂತ ತಿಳಿದುಕೊಳ್ಳಿ

ರಕ್ತದಲ್ಲಿ ಮುಖ್ಯವಾಗಿ ಎರಡು ಭಾಗ. ಒಂದು ಕೆಂಪು ಕಣಗಳು. ಇನ್ನೊಂದು ಅವು ತೇಲುವ ಹಳದಿ ದ್ರವ, ಅದಕ್ಕೆ ಪ್ಲಾಸ್ಮಾ ಅನ್ನುತ್ತಾರೆ. ಗರ್ಭ ನಿಂತ ಒಂದೂವರೆ ಎರಡು ತಿಂಗಳಿಂದಲೇ ಪ್ಲಾಸ್ಮಾ ಏರಲು ಶುರುವಾಗುತ್ತದೆ. ಎಂಟನೇ ತಿಂಗಳ ಹೊತ್ತಿಗೆ ಮೊದಲಿದ್ದಕ್ಕಿಂತ ಶೇ. 40ರಿಂದ 50ರಷ್ಟು ಜಾಸ್ತಿ ಆಗಿರುತ್ತದೆ. ಕೆಂಪು ಕಣಗಳೂ ಏರುತ್ತವೆ, ಆದರೆ ಶೇ. 20ರಿಂದ 30ರಷ್ಟು ಮಾತ್ರ. ಮನೆಗೆ ನೆಂಟರು ಬಂದಾಗ ಸಾರಿಗೆ ಒಂದು ಹಿಡಿ ಬೇಳೆ, ಎರಡು ಚೊಂಬು ನೀರು ಸೇರಿಸಿದ ಹಾಗೆ. ಒಟ್ಟು ಬೇಳೆ ಜಾಸ್ತಿಯೇ ಆಗಿದೆ, ಸೌಟಿಗೆ ಬರುವುದು ಮಾತ್ರ ಕಮ್ಮಿ. ಹಿಮೋಗ್ಲೋಬಿನ್ ಪರೀಕ್ಷೆ ಅಳೆಯುವುದು ಸೌಟಿನಲ್ಲಿ ಬಂದದ್ದನ್ನು.

ಇದು ರೋಗವಲ್ಲ, ದೇಹ ಬೇಕೆಂದೇ ಮಾಡಿಕೊಳ್ಳುವ ವ್ಯವಸ್ಥೆ. ತೆಳು ರಕ್ತ ಸರಾಗವಾಗಿ ಹರಿಯುತ್ತದೆ. ಮಗುವಿಗೆ ಆಕ್ಸಿಜನ್ ಸಿಗುವುದು ಮಾಸಿನ ಮೂಲಕ. ಹೆರಿಗೆಯಾದ ಮೇಲೆ ಹೊರಗೆ ಬರುವ ಕಸ ಅಂತೀವಲ್ಲ, ಅದೇ. ಡಾಕ್ಟರುಗಳು ಪ್ಲಸೆಂಟಾ ಅನ್ನುತ್ತಾರೆ. ತಾಯಿಯ ರಕ್ತ, ಮಗುವಿನ ರಕ್ತ ಅಲ್ಲಿ ಒಂದಕ್ಕೊಂದು ಬೆರೆಯುವುದಿಲ್ಲ. ತೆಳ್ಳನೆಯ ಪೊರೆಯ ಆಚೆ ಈಚೆ ಹರಿಯುತ್ತವೆ, ಆಕ್ಸಿಜನ್ ಆ ಪೊರೆ ದಾಟುತ್ತದೆ. ದಿನ ತುಂಬುವ ಹೊತ್ತಿಗೆ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹರಿಯುತ್ತದೆ. ಅಷ್ಟು ರಕ್ತ ಮಾಸಿನ ಸಣ್ಣ ಸಣ್ಣ ಸಂದಿಗಳಲ್ಲಿ ನುಗ್ಗಿ ಹೊರಬರಬೇಕಾದರೆ ಅದು ತೆಳು ಇದ್ದರೇ ಚೆನ್ನ. ಹೆರಿಗೆಯಲ್ಲಿ ಹೋಗುವ ರಕ್ತವನ್ನು ತಾಯಿ ತಡೆದುಕೊಳ್ಳುವುದಕ್ಕೂ ಈ ಹೆಚ್ಚುವರಿ ರಕ್ತವೇ ಆಸರೆ.

ಮಗುವೂ ತನ್ನ ಕಡೆಯಿಂದ ತಯಾರಾಗಿರುತ್ತದೆ. ಅದರ ಹಿಮೋಗ್ಲೋಬಿನ್ ನಮ್ಮದಕ್ಕಿಂತ ಬೇರೆ ಬಗೆಯದು, ಆಕ್ಸಿಜನ್ನನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಪ್ರಮಾಣವೂ ಜಾಸ್ತಿ, ಹುಟ್ಟುವಾಗ 16-17 ಇರುವುದು ಮಾಮೂಲು. ಅದಕ್ಕೇ ತಾಯಿಯ ಹಿಮೋಗ್ಲೋಬಿನ್ ಸ್ವಲ್ಪ ಇಳಿದ ಮಾತ್ರಕ್ಕೆ ಮಗುವಿಗೆ ಉಸಿರು ಕಟ್ಟುವುದಿಲ್ಲ. ಆದರೆ ತಾಯಿಯ ಹಿಮೋಗ್ಲೋಬಿನ್ ತುಂಬಾ ಇಳಿದರೆ, ಅಥವಾ ಮಾಸಿಗೆ ಹೋಗುವ ಹರಿವೇ ಕಮ್ಮಿಯಾದರೆ, ಮಗುವಿನ ಈ ತಯಾರಿಯೂ ಸಾಕಾಗುವುದಿಲ್ಲ.

ಹಂತ 1: ಕಾಗದಗಳನ್ನು ಒಂದು ಕಡೆ ಸೇರಿಸಿ

ಬೇಕಾದದ್ದು ಹೆಚ್ಚೇನಿಲ್ಲ. ಬಸಿರಿನ ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸಿಬಿಸಿ, ಅಂದರೆ ರಕ್ತಕಣಗಳ ಪೂರ್ತಿ ಎಣಿಕೆಯ ರಿಪೋರ್ಟ್. ಆಮೇಲಿನ ಎಲ್ಲ ಸಿಬಿಸಿಗಳು. ಬಿಪಿ, ತೂಕ ಬರೆದ ತಾಯಿ ಕಾರ್ಡ್. ಸ್ಕ್ಯಾನ್ ರಿಪೋರ್ಟುಗಳು. ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಹೆಸರು, ಆಯುರ್ವೇದದ್ದೂ ಸೇರಿಸಿ.

ಆ ಮೊದಲ ಸಿಬಿಸಿ ಚಿನ್ನ ಇದ್ದ ಹಾಗೆ ಜೋಪಾನ ಮಾಡಿ. ಯಾಕೆ ಅಂತ ಹಂತ 4ರಲ್ಲಿ ಗೊತ್ತಾಗುತ್ತದೆ. ಸಾಧ್ಯವಾದಷ್ಟೂ ಒಂದೇ ಲ್ಯಾಬಿನಲ್ಲಿ ಮಾಡಿಸಿ. ಯಂತ್ರ ಬೇರೆಯಾದರೆ 0.3, 0.5 ಆಚೀಚೆ ಆಗುವುದು ಸಹಜ. ಬೆರಳು ಚುಚ್ಚಿ ನೋಡಿದ ಹಿಮೋಗ್ಲೋಬಿನ್ನನ್ನು ತೋಳಿನ ನರದಿಂದ ತೆಗೆದದ್ದರ ಜೊತೆ ಹೋಲಿಸಬೇಡಿ.

ದುಡ್ಡಿನ ತೊಂದರೆ ಇದ್ದರೆ ಪ್ರತಿ ತಿಂಗಳ 9ನೇ ತಾರೀಖು ನೆನಪಿಡಿ. ಕೇಂದ್ರ ಸರ್ಕಾರದ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಅವತ್ತು ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕನೇ ತಿಂಗಳು ದಾಟಿದ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಮುಂಬೈ, ಪುಣೆ, ಗೋವಾ ಎಲ್ಲಾ ಕಡೆಯೂ ಇದೆ.

ಹಂತ 2: ರಿಪೋರ್ಟಿನ ನಾಲ್ಕು ಸಾಲು ಓದಿ, ಪಕ್ಕದ ಅಕ್ಷರ ನೋಡಿ ಗಾಬರಿಯಾಗಬೇಡಿ

ಕೌಂಟರಿನಲ್ಲಿ ಜನ ಅಳುವುದು ಈ ಅಕ್ಷರಗಳಿಂದಲೇ. ಹಿಮೋಗ್ಲೋಬಿನ್ ಮುಂದೆ ದಪ್ಪಕ್ಷರದಲ್ಲಿ "ಎಲ್", ಇಎಸ್ಆರ್ (ಕೆಂಪು ಕಣಗಳು ತಳಕ್ಕೆ ಇಳಿಯುವ ವೇಗ) ಮುಂದೆ "ಎಚ್", ಬಿಳಿ ಕಣಗಳ ಮುಂದೆ ಮತ್ತೊಂದು "ಎಚ್". ಕಮ್ಮಿ, ಜಾಸ್ತಿ ಅಂತ ಅರ್ಥ. ಆದರೆ ಸುಮಾರು ಲ್ಯಾಬುಗಳ ಕಂಪ್ಯೂಟರಿನಲ್ಲಿ ಇರುವುದು ಬಸುರಿಯಲ್ಲದ ಹೆಂಗಸರ ಲೆಕ್ಕ. ನೀವು ಆರು ತಿಂಗಳ ಗರ್ಭಿಣಿ ಅಂತ ಅದಕ್ಕೆ ಗೊತ್ತಿಲ್ಲ. ಬಿಳಿ ಕಣ ಹದಿನಾಲ್ಕು ಸಾವಿರ ಇರುವುದು, ಇಎಸ್ಆರ್ ಏರುವುದು, ಜ್ವರ ನೋವು ಏನೂ ಇಲ್ಲದಿದ್ದರೆ ಬಸಿರಿನಲ್ಲಿ ಮಾಮೂಲು.

ನೀವು ನೋಡಬೇಕಾದ ಸಾಲುಗಳು ಇವು.

ಹಿಮೋಗ್ಲೋಬಿನ್: ಆಕ್ಸಿಜನ್ ಹೊರುವ ವಸ್ತು. ಬಸಿರಿನಲ್ಲಿ 11 ಅಥವಾ ಮೇಲಿದ್ದರೆ ಸಾಕು. ನಾಲ್ಕರಿಂದ ಆರನೇ ತಿಂಗಳಲ್ಲಿ ತೆಳುವಾಗುವುದು ಜೋರಾಗಿರುವುದರಿಂದ ಆಗ 10.5ರ ತನಕ ಒಪ್ಪುವ ಡಾಕ್ಟರು ಇದ್ದಾರೆ. ನಮ್ಮಲ್ಲಿ 10ರಿಂದ 10.9 ಸ್ವಲ್ಪ ರಕ್ತಹೀನತೆ, 7ರಿಂದ 9.9 ಮಧ್ಯಮ, 7ಕ್ಕಿಂತ ಕೆಳಗೆ ತೀವ್ರ ಅಂತ ಲೆಕ್ಕ.

ಪಿಸಿವಿ: ಕೆಲವರು ಹೆಮಟೋಕ್ರಿಟ್ ಅಂತ ಬರೆಯುತ್ತಾರೆ. ಒಟ್ಟು ರಕ್ತದಲ್ಲಿ ಕೆಂಪು ಕಣಗಳು ಶೇಕಡಾ ಎಷ್ಟು ಅನ್ನುವ ಸಂಖ್ಯೆ. ರಕ್ತ ಎಷ್ಟು ದಪ್ಪ, ಎಷ್ಟು ತೆಳು ಅಂತ ಹೇಳುವುದು ಇದೇ. ಹಿಮೋಗ್ಲೋಬಿನ್ನಿನ ಸುಮಾರು ಮೂರು ಪಟ್ಟು ಇರುತ್ತದೆ. 11ಕ್ಕೆ 33.

ಎಂಸಿವಿ: ಒಂದೊಂದು ಕೆಂಪು ಕಣದ ಗಾತ್ರ. ಸಾಮಾನ್ಯವಾಗಿ 80ರಿಂದ 100.

ಪ್ಲೇಟ್‌ಲೆಟ್: ಗಾಯವಾದಾಗ ರಕ್ತ ನಿಲ್ಲಿಸುವ ಚೂರುಗಳು. ಬಸಿರಿನ ಕೊನೆಯಲ್ಲಿ ಒಂದೂವರೆ ಲಕ್ಷಕ್ಕಿಂತ ಸ್ವಲ್ಪ ಕೆಳಗೆ ಬರುವುದು ಎಷ್ಟೋ ಜನರಲ್ಲಿ ಇದೆ. ಒಂದು ಲಕ್ಷದ ಮೇಲಿದ್ದು ಬಿಪಿ ಸರಿಯಿದ್ದರೆ ಸಾಮಾನ್ಯವಾಗಿ ಕಾದು ನೋಡುತ್ತಾರೆ. ಇದ್ದಕ್ಕಿದ್ದಂತೆ ಅರವತ್ತು ಸಾವಿರ ಅಂತ ಬಂದರೆ ಮೊದಲು ಲ್ಯಾಬಿನವರಿಗೆ "ಸ್ಲೈಡ್ ಹಾಕಿ ನೋಡಿದಿರಾ?" ಅಂತ ಕೇಳಿ. ಸಿಬಿಸಿಗೆ ರಕ್ತ ಹಿಡಿಯುವ ನೇರಳೆ ಮುಚ್ಚಳದ ಟ್ಯೂಬನ್ನು ತಕ್ಷಣ ಮೆಲ್ಲಗೆ ಮೇಲೆ ಕೆಳಗೆ ತಿರುಗಿಸದಿದ್ದರೆ ಒಳಗೆ ಸಣ್ಣ ಹೆಪ್ಪು ಕಟ್ಟುತ್ತದೆ. ಪ್ಲೇಟ್‌ಲೆಟ್‌ಗಳು ಅಂಟಿಕೊಂಡು ಗುಂಪಾಗಿಬಿಡುತ್ತವೆ, ಯಂತ್ರ ಅವನ್ನು ಎಣಿಸುವುದಿಲ್ಲ. ಹಾಗಂತ ಅದು ಸುಳ್ಳು ಅಂತ ನೀವೇ ತೀರ್ಮಾನಿಸಬೇಡಿ, ಅವತ್ತೇ ಮತ್ತೆ ಮಾಡಿಸಿ.

ಹಂತ 3: ಹಿಮೋಗ್ಲೋಬಿನ್ ಕಮ್ಮಿಯಿದ್ದರೆ, ಕಾರಣ ಹಿಡಿಯಿರಿ, ಆಮೇಲೆ ಮಾತ್ರೆ ಸರಿಯಾಗಿ ನುಂಗಿ

ಎಂಸಿವಿ 80ರಿಂದ 100ರ ನಡುವೆ ಇದ್ದು ಹಿಮೋಗ್ಲೋಬಿನ್ 10.8 ಇದ್ದರೆ ಅದು ಬಹುಶಃ ಬರೀ ತೆಳುವಾಗಿರುವುದು. ಎಂಸಿವಿ 80ಕ್ಕಿಂತ ಕಮ್ಮಿ ಇದ್ದರೆ ಕಬ್ಬಿಣದ ಕೊರತೆ, ಇಲ್ಲವೇ ಥಲಸ್ಸೇಮಿಯಾ ವಾಹಕತೆ ಇರಬಹುದು. ಥಲಸ್ಸೇಮಿಯಾ ಅಂದರೆ ಹಿಮೋಗ್ಲೋಬಿನ್ ತಯಾರಾಗುವುದರಲ್ಲೇ ಹುಟ್ಟಿನಿಂದ ಬಂದ ಕೊರೆ. ವಾಹಕರಿಗೆ ಸ್ವತಃ ಏನೂ ತೊಂದರೆ ಕಾಣದು. ಆದರೆ ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಮಗುವಿಗೆ ದೊಡ್ಡ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅದನ್ನು ಎಚ್‌ಪಿಎಲ್‌ಸಿ ಅನ್ನುವ ಪರೀಕ್ಷೆಯಲ್ಲಿ ನೋಡುತ್ತಾರೆ, ಸಾಮಾನ್ಯವಾಗಿ ಜೀವಮಾನದಲ್ಲಿ ಒಮ್ಮೆ ಸಾಕು. ಮೊದಲ ಮೂರು ತಿಂಗಳಲ್ಲೇ ಕೇಳಿ ಮಾಡಿಸಿ. ತಡವಾದಷ್ಟೂ ಮುಂದಿನ ಪರೀಕ್ಷೆಗೆ, ತೀರ್ಮಾನಕ್ಕೆ ಸಮಯ ಕಮ್ಮಿಯಾಗುತ್ತದೆ.

ಎಂಸಿವಿ 100 ದಾಟಿದ್ದರೆ ಬಿ12 ಅಥವಾ ಫೋಲಿಕ್ ಆ್ಯಸಿಡ್ ಕಮ್ಮಿಯಿರಬಹುದು. ಹಾಲು ಮೊಸರೂ ಅಷ್ಟಕ್ಕಷ್ಟೇ ಅನ್ನುವ ಶುದ್ಧ ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ. ಕಬ್ಬಿಣ, ಬಿ12 ಎರಡೂ ಕಮ್ಮಿಯಿದ್ದರೆ ಎಂಸಿವಿ ನಡುವೆ ಬಂದು ಸರಿ ಇದ್ದ ಹಾಗೆ ಕಾಣಿಸಬಹುದು. ಅದಕ್ಕೇ ಫೆರಿಟಿನ್, ಅಂದರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಪರೀಕ್ಷೆ, ಒಮ್ಮೆ ಮಾಡಿಸಿದರೆ ಒಳ್ಳೆಯದು. 30ಕ್ಕಿಂತ ಕೆಳಗಿದ್ದರೆ ಉಗ್ರಾಣ ಖಾಲಿ ಆಗುತ್ತಿದೆ ಅಂತ.

ಈಗ ಮಾತ್ರೆ. ಸರ್ಕಾರಿ ಲೆಕ್ಕದಲ್ಲಿ ನಾಲ್ಕನೇ ತಿಂಗಳಿಂದ ದಿನಕ್ಕೊಂದು, 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್ ಇರುವ ಕೆಂಪು ಮಾತ್ರೆ. ಬಸಿರಿನಲ್ಲಿ 180 ದಿನ, ಹೆರಿಗೆಯಾದ ಮೇಲೂ 180 ದಿನ. ರಕ್ತ ಸರಿಯಿದ್ದವರಿಗೂ ಇದು ಬೇಕು. ಕಮ್ಮಿಯಿದ್ದವರಿಗೆ ಡಾಕ್ಟರು ದಿನಕ್ಕೆ ಎರಡು ಹೇಳುತ್ತಾರೆ.

ಮಾತ್ರೆ ನುಂಗುತ್ತಿದ್ದರೂ ಏರುವುದಿಲ್ಲ ಅಂತ ಬರುವವರನ್ನು ಕೇಳಿದರೆ ಹತ್ತರಲ್ಲಿ ಎಂಟು ಮಂದಿ ನುಂಗುವ ರೀತಿಯೇ ತಪ್ಪಿರುತ್ತದೆ ಅಂತ ನನ್ನ ಅಂದಾಜು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ ಬಾಯಿಗೆ ಹಾಕಿ ಹಾಲು ಕುಡಿಯುತ್ತಾರೆ. ಕ್ಯಾಲ್ಸಿಯಂ ಕಬ್ಬಿಣವನ್ನು ಒಳಗೆ ಬಿಡುವುದಿಲ್ಲ. ಎರಡರ ನಡುವೆ ಎರಡು ಗಂಟೆಯಾದರೂ ಬಿಡಿ. ಚಹಾ, ಕಾಫಿ ಒಂದು ಗಂಟೆ ಮುಂಚೆಯೂ ಬೇಡ, ಆಮೇಲೆ ಒಂದು ಗಂಟೆಯೂ ಬೇಡ. ಮುಂಬೈಯಲ್ಲಿ ಆಫೀಸಿಗೆ ಹೋಗುವವರಿಗೆ ಇದು ಕಷ್ಟ ಅಂತ ಗೊತ್ತು, ಸ್ಟೇಷನ್ನಿಗೆ ಇಳಿದ ಕೂಡಲೇ ಕಟಿಂಗ್ ಚಾಯ್ ಆಗಲೇಬೇಕು. ಹಾಗಿದ್ದರೆ ಮಾತ್ರೆಯನ್ನು ರಾತ್ರಿ ಮಲಗುವ ಮುಂಚೆ ಇಟ್ಟುಕೊಳ್ಳಿ. ನಿಂಬೆ ಪಾನಕ, ನೆಲ್ಲಿಕಾಯಿ, ಮೂಸಂಬಿ ಯಾವುದಾದರೂ ಹುಳಿ ಹಣ್ಣಿನ ಜೊತೆ ತೆಗೆದುಕೊಂಡರೆ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ.

ಮಲ ಕಪ್ಪಗಾಗುತ್ತದೆ, ಹೆದರಬೇಡಿ. ಹೊಟ್ಟೆ ತೊಳಸಿದರೆ ಮಾತ್ರೆ ಬಿಡಬೇಡಿ, ಬೇರೆ ಬಗೆ ಬರೆದುಕೊಡಿ ಅಂತ ಕೇಳಿ. ಕಬ್ಬಿಣದ ಮಾತ್ರೆ ತಿಂದರೆ ಮಗು ಕಪ್ಪಗೆ ಹುಟ್ಟುತ್ತದೆ ಅನ್ನುವುದು ಶುದ್ಧ ಸುಳ್ಳು. ಈ ಮಾತಿಗೆ ಕಟ್ಟುಬಿದ್ದು ಮಾತ್ರೆಯನ್ನು ಕಿಟಕಿಯಿಂದ ಎಸೆಯುವವರು ಇನ್ನೂ ಇದ್ದಾರೆ.

ಬೀಟ್‌ರೂಟ್, ದಾಳಿಂಬೆ ಕೆಂಪಗಿವೆ ಅನ್ನೋದು ಬಿಟ್ಟರೆ ಅವುಗಳಲ್ಲಿ ಕಬ್ಬಿಣ ಅಷ್ಟೇನೂ ಇಲ್ಲ. ಹರಿವೆ ಸೊಪ್ಪು, ಹುರುಳಿ, ಕಡಲೆ, ಮಾಂಸ, ಮೀನು ವಾಸಿ. ಊಟ ಚೆನ್ನಾಗಿರಲಿ, ಆದರೆ ಹಿಮೋಗ್ಲೋಬಿನ್ 9ಕ್ಕೆ ಇಳಿದ ಮೇಲೆ ಬರೀ ಊಟದಿಂದ ಹೆರಿಗೆಯ ಒಳಗೆ ಏರಿಸುವುದು ಆಗದ ಮಾತು.

ಒಂದು ತಿಂಗಳ ನಂತರ ಮತ್ತೆ ಪರೀಕ್ಷೆ. ಹೆಚ್ಚುಕಮ್ಮಿ 1 ಗ್ರಾಂ ಏರಿರಬೇಕು. ಏರದಿದ್ದರೆ ನರದ ಮೂಲಕ ಕಬ್ಬಿಣ ಹಾಕಬಹುದು. ಸುಕ್ರೋಸ್, ಕಾರ್ಬಾಕ್ಸಿಮಾಲ್ಟೋಸ್ ಅನ್ನುವ ಹೆಸರು ಚೀಟಿಯಲ್ಲಿ ಕಂಡರೆ ಅದೇ. ಮೊದಲ ಮೂರು ತಿಂಗಳಲ್ಲಿ ಅದನ್ನು ಕೊಡುವುದಿಲ್ಲ. ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದರೆ ಮನೆಯಲ್ಲಿ ಕೂರುವ ಪ್ರಶ್ನೆಯೇ ಇಲ್ಲ, ದೊಡ್ಡ ಆಸ್ಪತ್ರೆಗೆ ಹೋಗಿ. 5ಕ್ಕಿಂತ ಕೆಳಗಿದ್ದರೆ ಅವತ್ತೇ ಸೇರಿಸಿಕೊಂಡು ರಕ್ತ ಕೊಡುತ್ತಾರೆ.

ಹಂತ 4: ಹಿಮೋಗ್ಲೋಬಿನ್, ಪಿಸಿವಿ ಏರಿದರೆ ಖುಷಿಪಡುವ ಮುಂಚೆ ಯೋಚಿಸಿ

ಇದನ್ನು ಯಾರೂ ಹೇಳುವುದಿಲ್ಲ. "ಎಂಟನೇ ತಿಂಗಳಲ್ಲೂ 13.5 ಇದೆ, ನಮ್ಮ ಸೊಸೆ ಗಟ್ಟಿ" ಅಂತ ಹೆಮ್ಮೆಯಿಂದ ರಿಪೋರ್ಟ್ ತೆಗೆದುಕೊಂಡು ಹೋಗುತ್ತಾರೆ. ಇರಬಹುದು, ಚೆನ್ನಾಗಿ ಮಾತ್ರೆ ತಿಂದವರಲ್ಲಿ 12.5, 13 ಇರುತ್ತದೆ. ಆದರೆ ಕೊನೆಯ ಮೂರು ತಿಂಗಳಲ್ಲಿ 13 ದಾಟಿದ್ದರೆ, ಅದರಲ್ಲೂ ಮೊದಲು ಕಮ್ಮಿಯಿದ್ದು ಈಗ ಏರಿದ್ದರೆ, ಪ್ಲಾಸ್ಮಾ ಏರಬೇಕಾದಷ್ಟು ಏರಿಲ್ಲ ಅಂತಲೂ ಅರ್ಥ ಇರಬಹುದು. ದಪ್ಪ ರಕ್ತ ಮಾಸಿನ ಸಂದಿಗಳಲ್ಲಿ ನಿಧಾನವಾಗಿ ಹರಿಯುತ್ತದೆ. ಮಗು ಸಣ್ಣದಾಗಿ ಬೆಳೆಯುವುದು, ಪ್ರಿಎಕ್ಲಾಂಪ್ಸಿಯಾ ಅಂದರೆ ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗುವ ಕಾಯಿಲೆ, ಇವೆರಡರ ಜೊತೆ ಇಂಥ ದಪ್ಪ ರಕ್ತ ಕಾಣಿಸಿಕೊಳ್ಳುವುದಿದೆ. ಹೀಗಿದ್ದಾಗ ಮಾಡಬೇಕಾದದ್ದು ಮೂರು. ಬಿಪಿ ನೋಡಿಸಿ, 140/90 ಅಥವಾ ಮೇಲಿದ್ದರೆ ಅವತ್ತೇ ಡಾಕ್ಟರಿಗೆ ಹೇಳಿ. ಮೂತ್ರ ಪರೀಕ್ಷೆ ಮಾಡಿಸಿ. ಮಗುವಿನ ಬೆಳವಣಿಗೆಯ ಸ್ಕ್ಯಾನ್ ಕೇಳಿ. ಜೋರು ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು ಇದ್ದರೆ ರಾತ್ರಿಯಾದರೂ ಹೊರಡಿ.

ಸುಮ್ನೆ ನೀರು ಜಾಸ್ತಿ ಕುಡಿದರೆ ಇದು ಸರಿಹೋಗುವುದಿಲ್ಲ. ಬೆಳ್ಳುಳ್ಳಿ, ಮೀನೆಣ್ಣೆ ಗುಳಿಗೆ ಇತ್ಯಾದಿಗಳನ್ನು "ರಕ್ತ ತೆಳು ಮಾಡುತ್ತದೆ" ಅಂತ ತಾನಾಗೇ ಶುರು ಮಾಡಬೇಡಿ. ಸೆಖೆಗಾಲದಲ್ಲಿ ಬೆವರಿ, ವಾಂತಿ ಭೇದಿಯಾಗಿ ನೀರು ಇಂಗಿ ಪಿಸಿವಿ ಏರುವುದು ಬೇರೆ ಮಾತು. ಅದಕ್ಕೆ ಓಆರ್‌ಎಸ್, ನೀರು ಮಜ್ಜಿಗೆ ಸರಿ. ಅಕ್ಟೋಬರದ ಬಿಸಿಲಿನಲ್ಲಿ ಲೋಕಲ್ ರೈಲಿನಲ್ಲಿ ನಿಂತು ತಲೆಸುತ್ತಿ ಬೀಳುವುದಕ್ಕಿಂತ ಅಂಗವಿಕಲರ ಡಬ್ಬಿ ಹತ್ತಿ. ಗರ್ಭಿಣಿಯರಿಗೂ ಅಲ್ಲಿ ಜಾಗ ಇದೆ.

ಮಳೆಗಾಲದಲ್ಲಿ ನನಗೆ ನಿಜಕ್ಕೂ ಭಯ ಹುಟ್ಟಿಸುವುದು ಡೆಂಗಿ. ಡೆಂಗಿಯಲ್ಲಿ ರಕ್ತನಾಳದಿಂದ ಪ್ಲಾಸ್ಮಾ ಸೋರಿಹೋಗುತ್ತದೆ. ಕಣಗಳು ಉಳಿಯುತ್ತವೆ, ರಕ್ತ ದಪ್ಪವಾಗುತ್ತದೆ, ಪಿಸಿವಿ ಏರುತ್ತದೆ. ಮೊದಲಿದ್ದ ಪಿಸಿವಿಗಿಂತ ಶೇ. 20 ಏರಿದರೆ ಅಪಾಯದ ಗುರುತು. ಈಗ ಲೆಕ್ಕ ಹಾಕಿ. ನಿಮ್ಮ ಬಸಿರಿನ ಪಿಸಿವಿ 32 ಇತ್ತು. ಜ್ವರದ ನಾಲ್ಕನೇ ದಿನ 39 ಬಂತು. ರಿಪೋರ್ಟಿನ ಅಂಚಿನಲ್ಲಿ 36-46 ಅಂತ ಛಾಪಾಗಿರುತ್ತದೆ, "ಎಚ್" ಬರುವುದಿಲ್ಲ, ಎಲ್ಲಾ ಸರಿ ಅಂತ ಕಾಣುತ್ತದೆ. ಆದರೆ ನಿಮಗೆ ಅದು ಶೇ. 20ಕ್ಕಿಂತ ಹೆಚ್ಚಿನ ಏರಿಕೆ. ಹಳೆಯ ಸಿಬಿಸಿ ಕೈಲಿದ್ದರೆ ಮಾತ್ರ ಇದು ಗೊತ್ತಾಗುತ್ತದೆ. ಅದಕ್ಕೇ ಜೋಪಾನ ಮಾಡಿ ಅಂದದ್ದು.

ಇನ್ನೊಂದು ಗುಂಡಿ ಇಲ್ಲಿದೆ. ಜ್ವರ ಇಳಿದ ದಿನ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಪ್ಲಾಸ್ಮಾ ಸೋರುವುದು ಹೆಚ್ಚಾಗಿ ಅದೇ ಹೊತ್ತಿಗೆ, ಜ್ವರ ಇಳಿಯುವ ದಿನಗಳಲ್ಲಿ. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮೂತ್ರ ಕಮ್ಮಿಯಾಗುವುದು ಕಂಡರೆ ಆಸ್ಪತ್ರೆ. ಎಲ್ಲರೂ ಪ್ಲೇಟ್‌ಲೆಟ್ ಸಂಖ್ಯೆಯನ್ನೇ ಕೇಳುತ್ತಾರೆ, ಪಿಸಿವಿಯನ್ನೂ ಕೇಳಿ. ಜ್ವರಕ್ಕೆ ಪ್ಯಾರಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ. ಬಸಿರಿಗಾಗಿ ಆಸ್ಪಿರಿನ್ ನಡೆಯುತ್ತಿದ್ದರೆ ಜ್ವರದ ಮೊದಲ ದಿನವೇ ಡಾಕ್ಟರಿಗೆ ಹೇಳಿ. ಗರ್ಭಿಣಿಗೆ ಡೆಂಗಿ ಅಂತ ಬಂದರೆ ಸೇರಿಸಿಕೊಂಡು ನೋಡುವುದೇ ವಾಸಿ.

ಹಂತ 5: ಹೆಪ್ಪುಗಟ್ಟುವ ಲೆಕ್ಕವನ್ನು ಬೇರೆ ಇಡಿ

ಹೆರಿಗೆಯಲ್ಲಿ ರಕ್ತ ಸುರಿದು ಹೋಗದಿರಲಿ ಅಂತ ದೇಹ ಹೆಪ್ಪುಗಟ್ಟಿಸುವ ವಸ್ತುಗಳನ್ನು ಮುಂಚೆಯೇ ಕೂಡಿಸುತ್ತದೆ. ಫೈಬ್ರಿನೋಜೆನ್ ಅವುಗಳಲ್ಲಿ ಒಂದು, ಬಸುರಿಯಲ್ಲದವರಲ್ಲಿ 200-400 ಇರುವುದು ಕೊನೆಯ ತಿಂಗಳುಗಳಲ್ಲಿ 400-600 ಆಗುತ್ತದೆ. ಇದರಿಂದಾಗಿ ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಸಾಧ್ಯತೆ ಬಸುರಿಯಲ್ಲದವರಿಗಿಂತ ನಾಲ್ಕೈದು ಪಟ್ಟು. ಆದರೂ ಒಟ್ಟು ಲೆಕ್ಕದಲ್ಲಿ ಅಪರೂಪವೇ, ನಿದ್ದೆಗೆಡಬೇಡಿ. ಗುರುತು ಮಾತ್ರ ತಿಳಿದಿರಲಿ. ಎರಡೂ ಕಾಲು ಸಮನಾಗಿ ಊದುವುದು ಮಾಮೂಲು. ಒಂದೇ ಕಾಲು, ಹೆಚ್ಚಾಗಿ ಎಡಗಾಲು, ಊದಿ ಬಿಸಿಯಾಗಿ ಮೀನಖಂಡ ನೋಯುತ್ತಿದ್ದರೆ ಅವತ್ತೇ ತೋರಿಸಿ. ತಿಕ್ಕಬೇಡಿ, ಎಣ್ಣೆ ಹಚ್ಚಿ ಉಜ್ಜಿಸಬೇಡಿ. ಇದ್ದಕ್ಕಿದ್ದಂತೆ ಉಸಿರು ಸಿಕ್ಕದಂತಾಗಿ ಎದೆ ನೋವು ಬಂದರೆ 108.

ನೀವಾಗಿಯೇ ಡಿ-ಡೈಮರ್, ಅಂದರೆ ಹೆಪ್ಪು ಕರಗಿದಾಗ ಉಳಿಯುವ ಚೂರುಗಳ ಪರೀಕ್ಷೆ, ಮಾಡಿಸಿಕೊಂಡು ಬರಬೇಡಿ. ಬಸಿರಿನಲ್ಲಿ ಅದು ಹೇಗೂ ಏರಿರುತ್ತದೆ. ದುಡ್ಡೂ ದಂಡ, ನೆಮ್ಮದಿಯೂ ದಂಡ. ಅನುಮಾನ ಇದ್ದರೆ ಕಾಲಿನ ಡಾಪ್ಲರ್, ಅಂದರೆ ರಕ್ತದ ಹರಿವು ತೋರಿಸುವ ಸ್ಕ್ಯಾನ್ ಮಾಡುತ್ತಾರೆ.

ನಮ್ಮವರಿಗೆ ಅಪಾಯ ಜಾಸ್ತಿಯಾಗುವುದು ತವರಿಗೆ ಹೊರಟಾಗ. ಸೀಮಂತ ಮುಗಿಸಿ ಮತ್ಸ್ಯಗಂಧ ಹತ್ತಿ ಮಂಗಳೂರಿಗೆ, ಪುಣೆಯಿಂದ ರಾತ್ರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ, ವಾಸ್ಕೋದಿಂದ ಗದಗ, ಬಾಗಲಕೋಟೆಗೆ. ಕಾಲು ಮಡಚಿ ಇಡೀ ರಾತ್ರಿ ಕೂರುವುದು, ಶೌಚಾಲಯಕ್ಕೆ ಹೋಗಬೇಕಾಗುತ್ತೆ ಅಂತ ನೀರೇ ಕುಡಿಯದಿರುವುದು, ಎರಡೂ ಕೆಟ್ಟದ್ದು. ರೈಲು ಬಸ್ಸಿಗಿಂತ ಎಷ್ಟೋ ವಾಸಿ, ಎದ್ದು ಓಡಾಡಬಹುದು. ಕೆಳಗಿನ ಬರ್ತ್ ಹಿಡಿಯಿರಿ. ಎಚ್ಚರ ಇದ್ದಷ್ಟು ಹೊತ್ತು ಗಂಟೆಗೊಮ್ಮೆ ನಾಲ್ಕು ಹೆಜ್ಜೆ ನಡೆಯಿರಿ, ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸಿ. ಮೊದಲು ಹೆಪ್ಪುಗಟ್ಟಿದ ಇತಿಹಾಸ ಇದ್ದವರು, ತೂಕ ಜಾಸ್ತಿ ಇರುವವರು, ಅವಳಿ ಹೊತ್ತವರು ಹೊರಡುವ ಮುಂಚೆ ಬಿಗಿ ಕಾಲುಚೀಲ ಬೇಕಾ, ಹೆಪ್ಪು ತಡೆಯುವ ಇಂಜೆಕ್ಷನ್ ಬೇಕಾ ಅಂತ ಕೇಳಿ.

ಹಂತ 6: "ರಕ್ತ ತೆಳು ಮಾಡುವ" ಔಷಧಿ ಕೊಟ್ಟಿದ್ದರೆ

ಕಮ್ಮಿ ಡೋಸಿನ ಆಸ್ಪಿರಿನ್, 75ರಿಂದ 150 ಮಿಲಿಗ್ರಾಂ, ಕೊಡುವುದು ಹೆಚ್ಚಾಗಿ ಬಿಪಿ ಏರದಿರಲಿ, ಮಾಸಿಗೆ ಹರಿವು ಚೆನ್ನಾಗಿರಲಿ ಅಂತ. ನಾಲ್ಕನೇ ತಿಂಗಳ ಆಸುಪಾಸಿನಲ್ಲಿ ಶುರು, ರಾತ್ರಿ ಹೊತ್ತು, 36 ವಾರದ ಸುಮಾರಿಗೆ ನಿಲ್ಲಿಸುತ್ತಾರೆ. ಇದು ಹಿಮೋಗ್ಲೋಬಿನ್ನನ್ನು ಕಮ್ಮಿ ಮಾಡುವುದಿಲ್ಲ. ರಕ್ತಹೀನತೆ ಇದೆ ಅಂತ ಆಸ್ಪಿರಿನ್ ಬಿಡುವುದು, ಆಸ್ಪಿರಿನ್ ಇದೆ ಅಂತ ಕಬ್ಬಿಣ ಬಿಡುವುದು, ಎರಡೂ ತಪ್ಪು.

ಹೆಪಾರಿನ್ ಜಾತಿಯ ಇಂಜೆಕ್ಷನ್, ಹೊಟ್ಟೆಯ ಚರ್ಮಕ್ಕೆ ಚುಚ್ಚುವುದು, ಮಾಸು ದಾಟಿ ಮಗುವಿಗೆ ಹೋಗುವುದಿಲ್ಲ. ವಾರ್ಫರಿನ್ ಮಾತ್ರೆ ಹೋಗುತ್ತದೆ. ಹೃದಯದ ಕವಾಟ ಬದಲಿಸಿದವರು, ವಾರ್ಫರಿನ್ ತಿನ್ನುವವರು ಗರ್ಭ ನಿಂತ ಅನುಮಾನ ಬಂದ ದಿನವೇ ಡಾಕ್ಟರಿಗೆ ಹೇಳಬೇಕು. ತಾವೇ ನಿಲ್ಲಿಸಲೂ ಬಾರದು. ಪಕ್ಕದ ಮನೆಯವಳಿಗೆ ಇಂಜೆಕ್ಷನ್‌ನಿಂದ ಮಗು ಉಳಿಯಿತು ಅಂತ ನೀವು ಕೇಳಿ ಹಾಕಿಸಿಕೊಳ್ಳುವುದು ಬೇಡ. ಅವಳಿಗೆ ಕಾರಣ ಇತ್ತು.

ಇಂಜೆಕ್ಷನ್ ತೆಗೆದುಕೊಳ್ಳುವವರು ಕೊನೆಯದು ಯಾವ ಹೊತ್ತಿಗೆ ಆಯಿತು ಅಂತ ಕಾರ್ಡಿನ ಮೇಲೆ ಬರೆದಿಡಿ. ಬೆನ್ನಿಗೆ ಅರಿವಳಿಕೆ ಕೊಡುವವರು ಮೊದಲು ಕೇಳುವುದೇ ಅದನ್ನು.

ಹಂತ 7: ಮಗುವಿಗೆ ಆಕ್ಸಿಜನ್ ಹೋಗುತ್ತಿದೆಯಾ ಅಂತ ನೋಡುವುದು

ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಎಲ್ಲರ ಮನೆಯ ಡ್ರಾಯರಿನಲ್ಲಿದೆ. ಬೆರಳಿಗೆ ಸಿಕ್ಕಿಸಿ 99 ನೋಡಿ ಸಮಾಧಾನಪಡುತ್ತಾರೆ. ಅದು ಹೇಳುವುದು ನಿಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ ಎಷ್ಟು ಶೇಕಡಾ ಆಕ್ಸಿಜನ್ ಹೊತ್ತಿದೆ ಅಂತ. ಇರುವ ಹಿಮೋಗ್ಲೋಬಿನ್ನೇ ಆರು ಗ್ರಾಂ ಆದರೂ ಅದು 99 ತೋರಿಸಬಹುದು. ಮಗುವಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಮಗುವಿನ ಎದೆಬಡಿತ ಕೇಳುವ ಮನೆಬಳಕೆಯ ಯಂತ್ರವೂ ಅಷ್ಟೇ. ಬಡಿತ ಕೇಳಿತು ಅಂದರೆ ಮಗು ಚೆನ್ನಾಗಿದೆ ಅಂತ ಅಲ್ಲ. ಕೆಲವೊಮ್ಮೆ ಕೇಳುವುದು ತಾಯಿಯದೇ ಬಡಿತ.

ಮನೆಯಲ್ಲಿ ನಂಬಬಹುದಾದದ್ದು ಮಗುವಿನ ಆಟ. ಏಳನೇ ತಿಂಗಳು ಕಳೆದ ಮೇಲೆ ದಿನಾ ಒಂದೇ ಹೊತ್ತಿಗೆ, ಊಟವಾದ ಮೇಲೆ, ಮಗ್ಗುಲಾಗಿ ಮಲಗಿ ಗಮನಿಸಿ. ಎರಡು ಗಂಟೆಯೊಳಗೆ ಹತ್ತು ಸಲ ಅಲುಗಾಡಬೇಕು ಅನ್ನುವುದು ಒಂದು ಲೆಕ್ಕ. ಅದಕ್ಕಿಂತ ಮುಖ್ಯ ನಿಮ್ಮ ಮಗುವಿನ ದಿನದ ರೂಢಿ. ಅದು ಕಮ್ಮಿಯಾಯಿತು ಅನ್ನಿಸಿದರೆ ಅವತ್ತೇ ಹೋಗಿ. ಒಂಬತ್ತನೇ ತಿಂಗಳಲ್ಲಿ ಜಾಗ ಇಲ್ಲದೆ ಮಗು ಸುಮ್ಮನಾಗುತ್ತದೆ ಅಂತ ಹಿರಿಯರು ಹೇಳುತ್ತಾರೆ, ಅದು ಸರಿಯಲ್ಲ. ಒದೆಯುವ ಬಗೆ ಬದಲಾಗಬಹುದು, ನಿಲ್ಲುವುದಿಲ್ಲ. ಬೆಳಗಾಗಲಿ ನೋಡೋಣ ಅಂತ ಕಾಯಬೇಡಿ. ಆಸ್ಪತ್ರೆಯಲ್ಲಿ ಹೊಟ್ಟೆಗೆ ಪಟ್ಟಿ ಕಟ್ಟಿ ಬಡಿತದ ಗೀರು ತೆಗೆಯುತ್ತಾರೆ, ಅದಕ್ಕೆ ಎನ್‌ಎಸ್‌ಟಿ ಅನ್ನುತ್ತಾರೆ. ಮಗು ಸಣ್ಣದಿದೆ ಅನ್ನಿಸಿದರೆ ಕಲರ್ ಡಾಪ್ಲರ್ ಮಾಡಿ ಹೊಕ್ಕುಳಬಳ್ಳಿಯಲ್ಲಿ ರಕ್ತ ಹೇಗೆ ಹರಿಯುತ್ತಿದೆ ಅಂತ ನೋಡುತ್ತಾರೆ. ಎಲ್ಲರಿಗೂ ಅದು ಬೇಕಿಲ್ಲ.

ಮಲಗುವಾಗ ಮಗ್ಗುಲಾಗಿ ಮಲಗಿ. ಅಂಗಾತ ಮಲಗಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ಹೃದಯಕ್ಕೆ ವಾಪಸ್ ಬರುವ ರಕ್ತ ಕಮ್ಮಿಯಾಗುತ್ತದೆ. ಮಧ್ಯರಾತ್ರಿ ಎಚ್ಚರವಾದಾಗ ಅಂಗಾತ ಇದ್ದರೆ ಮಗ್ಗುಲಾಗಿ, ಅಷ್ಟೇ.

ಗ್ಯಾಸ್ ಗೀಸರ್ ಬಗ್ಗೆ ಒಂದು ಮಾತು. ಮುಂಬೈ, ಪುಣೆಯ ಸಣ್ಣ ಬಚ್ಚಲುಮನೆಗಳಲ್ಲಿ ಇದು ಸಾಮಾನ್ಯ. ಕಿಟಕಿ ಮುಚ್ಚಿ ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ, ವಾಸನೆ ಬರುವುದಿಲ್ಲ. ಅದು ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು ಆಕ್ಸಿಜನ್ನಿಗೆ ಜಾಗ ಬಿಡುವುದಿಲ್ಲ. ಮಗುವಿನ ರಕ್ತದಲ್ಲಿ ತಾಯಿಗಿಂತ ಜಾಸ್ತಿ ಸೇರುತ್ತದೆ, ಬಿಟ್ಟುಹೋಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಆಕ್ಸಿಮೀಟರಿಗೆ ಇದು ಗೊತ್ತಾಗುವುದೂ ಇಲ್ಲ. ಗೀಸರನ್ನು ಹೊರಗೆ ಹಾಕಿಸಿ, ಇಲ್ಲವೇ ನೀರು ತುಂಬಿಸಿಕೊಂಡು ಆರಿಸಿದ ಮೇಲೆ ಒಳಗೆ ಹೋಗಿ. ಬೀಡಿ ಸಿಗರೇಟಿನ ಹೊಗೆಯಲ್ಲಿರುವುದೂ ಇದೇ ಅನಿಲ, ಸೇದುವವರು ಗಂಡನಾದರೂ ಸರಿ, ಬಾಲ್ಕನಿಯಲ್ಲಲ್ಲ, ಕಟ್ಟಡದ ಕೆಳಗೆ.

ಹಂತ 8: ಹೆರಿಗೆಯಾದ ಮೇಲೆ ಆರು ವಾರ

ಮಗು ಹೊರಗೆ ಬಂದ ಮೇಲೆ ಎಲ್ಲರ ಕಣ್ಣೂ ಮಗುವಿನ ಮೇಲೆ. ಹೆಪ್ಪುಗಟ್ಟುವ ಅಪಾಯ ಎಲ್ಲಕ್ಕಿಂತ ಜಾಸ್ತಿ ಇರುವುದು ಇದೇ ಆರು ವಾರದಲ್ಲಿ, ಸಿಸೇರಿಯನ್ ಆಗಿದ್ದರೆ ಇನ್ನೂ ಜಾಸ್ತಿ. ಅದೇ ಹೊತ್ತಿಗೆ ನಮ್ಮ ಬಾಣಂತನ ಶುರುವಾಗುತ್ತದೆ. ಬಾಣಂತಿ ಏಳಬಾರದು, ನೀರು ಕುಡಿದರೆ ಹೊಟ್ಟೆ ಬರುತ್ತದೆ, ಮೈಗೆ ಶೀತ. ಎಣ್ಣೆ ನೀರು, ಬಿಸಿ ಊಟ, ವಿಶ್ರಾಂತಿ ಎಲ್ಲಾ ಬೇಕಾದದ್ದೇ, ಅಮ್ಮಂದಿರ ಆರೈಕೆಗೆ ಸಮ ಯಾವುದೂ ಇಲ್ಲ. ನೀರು ಬಿಗಿ ಹಿಡಿಯುವುದು, ದಿನವಿಡೀ ಮಂಚದಲ್ಲೇ ಮಲಗಿಸುವುದು ಮಾತ್ರ ಬೇಡ. ಕಾಯಿಸಿದ ನೀರಾದರೂ ಸರಿ, ಬಾಯಾರಿದಾಗಲೆಲ್ಲ ಕೊಡಿ. ಹಾಲೂಡಿಸುವವಳಿಗೆ ನೀರು ಜಾಸ್ತಿಯೇ ಬೇಕು. ಡಾಕ್ಟರು ಏಳಬಹುದು ಅಂದ ದಿನದಿಂದಲೇ ಮನೆಯೊಳಗೆ ಮೆಲ್ಲಗೆ ಓಡಾಡಿ.

ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗಿದ್ದರೆ, ಮೊದಲೇ ರಕ್ತಹೀನತೆ ಇದ್ದರೆ, ಆಸ್ಪತ್ರೆ ಬಿಡುವ ಮುಂಚೆ ಒಂದು ಸಿಬಿಸಿ ಕೇಳಿ ಮಾಡಿಸಿ. ತವರಿನಿಂದ ವಾಪಸ್ ಮುಂಬೈಗೆ ಬರುವಾಗ ಆ ರಿಪೋರ್ಟು, ಹೆರಿಗೆಯ ಡಿಸ್ಚಾರ್ಜ್ ಕಾಗದ, ಉಳಿದ ಕಬ್ಬಿಣದ ಮಾತ್ರೆ ಮೂರನ್ನೂ ಕೈಚೀಲದಲ್ಲಿ ಇಟ್ಟುಕೊಳ್ಳಿ, ಸೀಟಿನಡಿಗೆ ತಳ್ಳುವ ಸೂಟ್‌ಕೇಸಿನಲ್ಲಿ ಅಲ್ಲ.